ಹೊಳೆಗೆ ಬಿಟ್ಟ ಬಟ್ಟಲು

“ಹೊಳಿಗೆ ಬಿಟ್ಟದ್ದನ್ನ ಈಗ ಎಲ್ಲಿಂದ ತಂದು ಕೊಡ್ಲೆವ್ವಾ ನಿನಗ?”

ಇಷ್ಟು ಹೇಳಿ ಮುತ್ತವ್ವ, ತನ್ನ ಸಾಕ್ಷಿ ಮುಗಿಯಿತು ಎನ್ನುವಂತೆ ಸೆರಗು ಸರಿ ಮಾಡಿಕೊಂಡಳು. ನಜಮಾಳ ತುಟಿಯ ಹತ್ತಿರ ಹೋಗಿದ್ದ ಚಹಾದ ಬಸಿ ಅಲ್ಲೇ ನಿಂತಿತು.

“ಹೊಳಿಗೆ ಬಿಟ್ರಿ? ಟೊಂಕದಾಗಿಂದ ತಗದ ಆ ಪ್ಲಾಸ್ಟಿಕ್ ಬಟ್ಟಲಾನ?”

“ಮತ್ತೇನ್ ಮಾಡೂದು? ಡಾಕ್ಟರು ಬಾಟ್ಲಿಯಾಗ ಹಾಕಿ ಕೊಟ್ರು. ಮೈಯಾಗಿಂದ ಬಂದದ್ದನ್ನ ಮನಿಯಾಗ ಇಟ್ಕೋಬಾರದು, ಹರಿಯೂ ನೀರಿಗೆ ಬಿಡಬೇಕು. ನಮ್ಮತ್ತಿ ಕಾಲದಿಂದ ನಮ್ಮ ಮನಿಯಾಗ ಹಂಗ ಐತಿ. ಕೊರ್ಲಹಳ್ಳಿ ಹೊಳಿಗೆ ಹೋಗಿ, ಕುಂಕುಮ ಹಚ್ಚಿ ಬಿಟ್ಟು ಬಂದ್ವಿ.”

“ಹಂಗಾರ ಪೊಲೀಸರಿಗೆ ಕೊಟ್ಟದ್ದು ಏನ್ರಿ?”

ಮುತ್ತವ್ವನ ಕಣ್ಣು ಅಡುಗೆಮನೆಯ ಬಾಗಿಲಿಗೆ ಹೋಯಿತು. ಅಲ್ಲಿ ನಿಂತಿದ್ದ ಸೊಸೆ ಭಾಗ್ಯಾ ತಲೆಯೆತ್ತಿ ಜಂತಿ ಎಣಿಸತೊಡಗಿದಳು.

“ಅದನ್ನ ನನ್ನ ಮಗನ್ನ ಕೇಳು. ಬೀರಲಿಂಗ ಕೊಟ್ಟಾನ. ಶೇಂಗಾ ಬಿತ್ತಾಕ ಟ್ರ್ಯಾಕ್ಟರ್ ತಗೊಂಡು ಹೋಗ್ಯಾನ, ಊಟದ ಹೊತ್ತಿಗೆ ಬರ್ತಾನ.”

ನಜಮಾ ಬಸಿಯನ್ನು ಕೆಳಗಿಟ್ಟಳು. ಬೆಟಗೇರಿಯಿಂದ ಮುಂಡರಗಿಯವರೆಗೆ ಸ್ಕೂಟರಿನ ಮೇಲೆ ಧೂಳು ಕುಡಿಯುತ್ತ ಬಂದದ್ದಕ್ಕೆ ಇಷ್ಟಾದರೂ ಗಿಟ್ಟಿತಲ್ಲ ಎನಿಸಿತು. ವಿಮೆ ಕಂಪನಿಯಲ್ಲಿ ಸುಳ್ಳು ಅಪಘಾತ, ಸುಳ್ಳು ಸಾವುಗಳ ಬೆನ್ನು ಹತ್ತಿ ಸಾಕಾಗಿ, ಈಗ ಸ್ವಂತ ಪತ್ತೇದಾರಿಕೆಗೆ ಇಳಿದ ಹೆಂಗಸು ಅವಳು. ಜನ ಸುಳ್ಳು ಹೇಳುವಾಗ ಎಲ್ಲಿ ನೋಡುತ್ತಾರೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತು. ಭಾಗ್ಯಾಳಂಥವರು ಮೇಲೆ ನೋಡುತ್ತಾರೆ.

ಮುತ್ತವ್ವನ ಸೊಂಟದ್ದೆಂದು ಪೊಲೀಸರು ಮೊಹರು ಹಾಕಿ ಕಳಿಸಿದ ಬಟ್ಟಲು ಬರೀ ನೈಲಾನು ಎಂದು ಪ್ರಯೋಗಾಲಯ ಹೇಳಿದಾಗಿನಿಂದ, ಗದಗಿನ ಡಾ. ಆಸೀಮರ ಕೈಯಲ್ಲಿ ಸೊಂಟದ ಕೀಲು ಹಾಕಿಸಿಕೊಂಡವರೆಲ್ಲ ಕುರ್ಚಿಯಿಂದ ಏಳಲೂ ಹೆದರುತ್ತಿದ್ದರು. ಲಕ್ಷ್ಮೇಶ್ವರದಲ್ಲಿ ಒಬ್ಬರು ಹಾಸಿಗೆ ಹಿಡಿದಿದ್ದರು. ಶಿರಹಟ್ಟಿಯಲ್ಲಿ ಇನ್ನೊಬ್ಬರು ಚೆನ್ನಾಗಿದ್ದ ಕಾಲನ್ನೇ ಕುಂಟಿಸಿಕೊಂಡು ಓಡಾಡುತ್ತಿದ್ದರು. ಇವರ ಪೈಕಿ ಬೆಟಗೇರಿಯ ರೋಶನಬಿಯೂ ಒಬ್ಬಳು, ಅವಳು ನಜಮಾಳ ತಾಯಿ.

ಪ್ರಕರಣವನ್ನು ಒಪ್ಪಿಸಿದವರು ಡಾಕ್ಟರೇ. ಆದರೆ ನಜಮಾ ಹಗಲೂ ಇರುಳೂ ಓಡಾಡುತ್ತಿದ್ದದ್ದು ಅವರಿಗಾಗಿ ಅಲ್ಲ. ಅಮ್ಮೀಯ ಮೈಯೊಳಗೆ ಕೂತಿರುವುದು ಖರೆಯದೋ ಖೊಟ್ಟಿಯೋ ಎಂಬುದೊಂದೇ ಅವಳ ತಲೆಯಲ್ಲಿದ್ದ ಪ್ರಶ್ನೆ.

ಮೊದಲ ಭೇಟಿಯಲ್ಲೇ ಡಾಕ್ಟರು ಹೊಸದೊಂದು ಬಟ್ಟಲನ್ನು ಅವಳ ಅಂಗೈ ಮೇಲೆ ಇಟ್ಟಿದ್ದರು. ಹಾಲಿನ ಬಣ್ಣದ ಹಗುರ ವಸ್ತು. ತೊಡೆಯ ಎಲುಬಿಗೆ ಗುಂಡು ಕೂಡಿಸುತ್ತಾರೆ, ಅದು ಹೋಗಿ ಕೂರುವ ಗೂಡಿಗೆ ಲೋಹದ ಕವಚ ಹಾಕುತ್ತಾರೆ, ಎರಡರ ನಡುವೆ ಈ ಬಟ್ಟಲು. ಮನುಷ್ಯ ಇಡುವ ಪ್ರತಿ ಹೆಜ್ಜೆಗೂ ಗುಂಡು ಇದರೊಳಗೆ ಉಜ್ಜುತ್ತದೆ. ಬಟ್ಟಲು ಸವೆದರೆ ಕಣ್ಣಿಗೆ ಕಾಣದ ಪುಡಿ ಉದುರುತ್ತದೆ, ಆ ಪುಡಿಯನ್ನು ಕಂಡು ಕೆರಳಿದ ಮೈ ತನ್ನ ಎಲುಬನ್ನೇ ಕರಗಿಸತೊಡಗುತ್ತದೆ.

“ಹಳೇ ಕಾಲದ್ದು ಜಲ್ದಿ ಸವೀತಿತ್ರಿ,” ಎಂದಿದ್ದರು ಡಾಕ್ಟರು. “ಈಗಿನದಕ್ಕ ವಿಕಿರಣ ಹಾಯಿಸಿ ಒಳಗಿನ ಎಳಿ ಎಲ್ಲಾ ಒಂದಕ್ಕೊಂದು ಬಿಗಿದಿರ್ತಾರ. ನೀವು ಬೆಟಗೇರಿಯವರು, ಮಗ್ಗದ ಊರವರು, ನಿಮಗ ಹೇಳಬೇಕೇನು? ಬಿಡಿ ನೂಲು ಹರೀತೈತಿ, ನೇಯ್ದದ್ದು ತಡೀತೈತಿ. ಒಳಗ ಗುಂಡು ಎಷ್ಟ ಉಜ್ಜಿದ್ರೂ ವರ್ಷಗಟ್ಲೆ ಬಾಳಿಕಿ ಬರ್ತೈತಿ. ಅಂಚಿಗೆ ಏಟು ಬಿದ್ರ ಮಾತ್ರ ಸೀಳ್ತೈತಿ, ಅದೊಂದ ಅದರ ದೋಷ.”

ಆಮೇಲೆ ಬಾಗಿಲವರೆಗೆ ಬಂದು ಇನ್ನೊಂದು ಮಾತು ಸೇರಿಸಿದ್ದರು. “ಖರೇ ಬಟ್ಟಲಾ ನೀರಾಗ ತೇಲ್ತೈತಿ ನಜಮಾ ಅವರ. ನೈಲಾನು ಮುಳಗ್ತೈತಿ. ಇಷ್ಟ ನೆನಪಿಡ್ರಿ.”

ಪ್ರಯೋಗಾಲಯಕ್ಕೆ ಹೋದದ್ದು ಮುಳುಗಿತ್ತು. ಈಗ ನೋಡಿದರೆ ಮುತ್ತವ್ವನದು ಹೊಳೆಯ ಪಾಲಾಗಿದೆ. ಅಂದ ಮೇಲೆ ಮುಳುಗಿದ್ದು ಯಾರದು?

ಬೀರಲಿಂಗ ಬರುವವರೆಗೆ ಸುಮ್ಮನೆ ಕೂರುವುದು ನಜಮಾಳ ಜಾಯಮಾನದಲ್ಲಿ ಇರಲಿಲ್ಲ. ಅವಳು ಕೂತಲ್ಲಿಂದಲೇ ಮನೆಯನ್ನು ಓದತೊಡಗಿದಳು.

ಅಡುಗೆಮನೆಯಲ್ಲಿ ಹೊಸದಾಗಿ ಕಲ್ಲು ಹಾಸಿದ ಎತ್ತರದ ಕಟ್ಟೆ ಇತ್ತು. ಅವ್ವ ನಿಂತುಕೊಂಡೇ ಅಡುಗೆ ಮಾಡಲಿ ಎಂದು ಮಗ ಕಟ್ಟಿಸಿದ್ದು. ಅದರ ಮೇಲಿನ ಗ್ಯಾಸಿನ ಒಲೆಯ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಡಬ್ಬಿ, ಡಬ್ಬಿಯ ಮೇಲೆ ಬೆಳ್ಳುಳ್ಳಿ. ಕೆಳಗೆ ಮೂಲೆಯಲ್ಲಿದ್ದ ಹಳೆಯ ಒಲೆಯಿಂದ ಮಾತ್ರ ಇನ್ನೂ ಕಾವು ಬರುತ್ತಿತ್ತು. ಬುಟ್ಟಿಯಲ್ಲಿ ಜೋಳದ ರೊಟ್ಟಿಗಳು, ಬೆಳಕಿಗೆ ಹಿಡಿದರೆ ಆಚೆಯದು ಕಾಣುವಷ್ಟು ತೆಳ್ಳಗೆ. ಮುತ್ತವ್ವನ ಹಸಿರು ಬಳೆಗಳ ಸಂದಿಯಲ್ಲಿ ಬಿಳಿ ಹಿಟ್ಟು.

“ರೊಟ್ಟಿ ಛಂದ ಅದಾವು. ಯಾರು ಬಡದ್ರಿ?”

“ಭಾಗ್ಯಾ,” ಎಂದಳು ಮುತ್ತವ್ವ.

“ಅತ್ತಿ,” ಎಂದಳು ಭಾಗ್ಯಾ.

ಇಬ್ಬರೂ ಒಟ್ಟಿಗೇ ಹೇಳಿದ್ದರು. ಭಾಗ್ಯಾ ನಾಲಿಗೆ ಕಚ್ಚಿಕೊಂಡಳು. ಮುತ್ತವ್ವ ಸೊಸೆಯನ್ನು ನುಂಗುವಂತೆ ನೋಡಿದಳು.

“ನಿಂತು ಬಡದ್ರೇನ್ರಿ?” ನಜಮಾ ಬಿಡಲಿಲ್ಲ.

“ಹೂಂ. ನಿಂತ.”

“ನಿಂತು ಬಡದಾಕಿ ಸೀರಿಗೆ ಮೊಣಕಾಲ ಹತ್ರ ಒಲಿಬೂದಿ ಹೆಂಗ ಹತ್ತಿತ್ರಿ?”

ಮುತ್ತವ್ವ ಬಗ್ಗಿ ತನ್ನ ಸೀರೆಯನ್ನು ನೋಡಿಕೊಂಡಳು. ಬೂದಿ ಅಲ್ಲೇ ಇತ್ತು. ಇಷ್ಟು ವಯಸ್ಸಿಗೆ ಸಿಕ್ಕಿಬಿದ್ದದ್ದು ಅವಳಿಗೆ ನಾಚಿಕೆಯಾಗಿ, ನಾಚಿಕೆ ಸಿಟ್ಟಾಯಿತು.

“ಹೌದವ್ವಾ, ಕುಂತ ಬಡದೆ! ಏನೀಗ? ನಿಂತು ಬಡದ್ರ ರೊಟ್ಟಿ ತಿರಗಂಗಿಲ್ಲ. ಒಂದು ಮೊಣಕಾಲ ಮಡಚಿ, ಒಂದು ಎತ್ತಿ, ಮೈ ಭಾರ ಅಂಗೈಗೆ ಬಿಟ್ರ ತಾನ ತಿರಗ್ತೈತಿ. ಭಾಗ್ಯಾ ನಿಂತು ಬಡೀತಾಳ. ಅದನ್ನ ರೊಟ್ಟಿ ಅನ್ನಬೇಕೋ ಕುಂಬಾರ ಹೆಂಚು ಅನ್ನಬೇಕೋ ನೀನ ಹೇಳು.”

“ಡಾಕ್ಟರು ಕೆಳಗ ಕುಂದ್ರಬ್ಯಾಡ್ರಿ ಅಂತ ಹೇಳಿದ್ದಿಲ್ಲೇನು?”

“ಡಾಕ್ಟರಿಗೇನು, ಅವರ ಮನಿಯಾಗ ಚಪಾತಿ ತಿಂತಾರ.”

ಭಾಗ್ಯಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಜಮಾಳಿಗೂ ನಗು ತಡೆಯುವುದು ಕಷ್ಟವಾಯಿತು. ಆದರೂ ಕೇಳಬೇಕಾದ್ದನ್ನು ಕೇಳಿದಳು.

“ಮೊದಲಿನ ಬಟ್ಟಲಾ ಹಾಕಿದಾಗೂ ಹಿಂಗ ಕುಂತಿದ್ರಿ?”

“ಯುಗಾದಿತನಕ ತಡದೆ. ಆಮ್ಯಾಲೆ ದಿನಾ ಕುಂತೆ. ಒಂದು ದಿನ ಏಳಾಕ ಹೋದ್ರ ಒಳಗ ಲಟಕ್ ಅಂತು. ಅಷ್ಟ, ಕಾಲ ನೆಲಕ್ಕ ಊರಾಕ ಆಗಲಿಲ್ಲ. ಮತ್ತ ಕೊಯ್ದು ಹೊಸಾದು ಹಾಕಿದ್ರು. ಬೀರಲಿಂಗಗ ಹೇಳಬ್ಯಾಡ ತಂಗಿ, ಮನಿ ಹರದು ಹಾಕ್ತಾನ.”

ಕಟ್ಟೆ ಕಟ್ಟಿಸಿದ ಮಗನಿಗೆ ಇದು ಗೊತ್ತಾಗಬಾರದೆಂದು ಅತ್ತೆ ಸೊಸೆ ಕೂಡಿ ಮುಚ್ಚಿಟ್ಟಿದ್ದರು. ಅವನು ಹೊಲಕ್ಕೆ ಹೋದ ಮೇಲೆ ಹಳೆಯ ಒಲೆ ಹೊತ್ತುತ್ತಿತ್ತು, ಬರುವ ಹೊತ್ತಿಗೆ ಆರುತ್ತಿತ್ತು. ಮನೆ ಮನೆಗಳಲ್ಲಿ ಇಂಥ ಒಳಸಂಚುಗಳು ಎಷ್ಟು ನಡೆಯುತ್ತವೋ ಯಾವ ಪೊಲೀಸರಿಗೂ ತಿಳಿಯುವುದಿಲ್ಲ.

ನಜಮಾ ಕುರ್ಚಿಯನ್ನು ಮುತ್ತವ್ವನ ಹತ್ತಿರಕ್ಕೆ ಎಳೆದುಕೊಂಡಳು.

“ಅಮ್ಮಾರ, ನಾ ನಿಮ್ಮನ್ನ ಸಿಗಿಸಾಕ ಬಂದಿಲ್ರಿ. ನಿಮ್ಮ ಬಟ್ಟಲಾ ಖೊಟ್ಟಿ ಅಂತ ಆ ಡಾಕ್ಟರ ಮ್ಯಾಲೆ ಕೇಸ ಆಗೇತಿ. ಅವರ ಕಡೆ ಆಪರೇಷನ್ ಮಾಡಿಸ್ಕೊಂಡವರೆಲ್ಲ ಅನ್ನ ನೀರ ಬಿಟ್ಟು ಕುಂತಾರ. ನಮ್ಮ ಅಮ್ಮೀಗೂ ಅವರ ಹಾಕ್ಯಾರ. ಒಳಗ ಏನೈತಿ ಅಂತ ತಿಳೀದ ನನಗ ನಿದ್ದಿ ಇಲ್ಲ.”

ಕೊನೆಯ ಮಾತಿಗೆ ಅವಳ ದನಿ ಒಡೆಯಿತು. ಅದು ಪತ್ತೇದಾರಳ ಉಪಾಯವೇನೂ ಆಗಿರಲಿಲ್ಲ.

“ನಿಮ್ಮವ್ವಗೂ ಟೊಂಕ ಹಾಕ್ಯಾರ?” ಮುತ್ತವ್ವ ಅವಳ ಮುಖವನ್ನೇ ನೋಡಿದಳು.

“ಭಾಗ್ಯಾ, ಆ ಗಾಡಿ ಇತ್ಲಾಗ ತಾ.”

ಗಾಡಿ ಎಂದರೆ ಅವಳು ಹಿಡಿದು ನಡೆಯುವ ಅಲ್ಯೂಮಿನಿಯಮ್ಮಿನ ವಾಕರು. ಅದನ್ನು ಊರುತ್ತ ಮುತ್ತವ್ವ ಒಳಗಿನ ದೇವರ ಜಗಲಿಯ ಕಡೆ ನಡೆದಳು. ನಜಮಾ ಹೊಸ್ತಿಲ ಈಚೆಗೇ ನಿಂತಳು.

“ಹೊಳಿ ತಗೊಳ್ಳಲಿಲ್ಲವ್ವಾ ಅದನ್ನ,” ಎಂದಳು ಮುತ್ತವ್ವ, ಬೆನ್ನು ತಿರುಗಿಸಿಕೊಂಡೇ. “ನೀರಿಗೆ ಬಿಟ್ಟ ಮ್ಯಾಲೆ ಹೊಳ್ಳಿ ನೋಡಬಾರದು. ಇವರಿಬ್ರೂ ಹೊಳ್ಳಿ ನೋಡದ ಟ್ರ್ಯಾಕ್ಟರ್ ಕಡೆ ಹೋದ್ರು. ನಾ ಈ ಗಾಡಿ ತಗೊಂಡು ಉಸುಕಿನ್ಯಾಗ ಹೆಂಗ ಜಲ್ದಿ ಹೋಗ್ಲಿ? ಅಲ್ಲೇ ನಿಂತಿದ್ದೆ. ಅದು ಒಂದೀಟು ದೂರ ಹೋತು, ಗಿರ್ರನ ತಿರುಗಿತು, ಹೊಳ್ಳಿ ಬಂದು ನನ್ನ ಕಾಲಿಗೇ ಬಡೀತು. ಗಾಡೀಲೆ ನೂಕಿದೆ. ಮತ್ತ ಬಂತು.”

“ಮತ್ತ ಬಂತು?”

“ಮತ್ತ ಬಂತು! ಗಂಗವ್ವ ಬ್ಯಾಡ ಅಂತ ಹೊಳ್ಳಿ ಕೊಟ್ಟದ್ದನ್ನ ಒಗದು ಬರಾಕ ಆಕ್ಕೈತೇನು? ಉಡಿಯಾಗ ಹಾಕ್ಕೊಂಡು ಬಂದೆ. ದೇವರು ಕೊಟ್ಟದ್ದು ದೇವರ ಹತ್ರನ ಇರ್ಲಿ ಅಂತ ಇಲ್ಲಿ ಇಟ್ಟೆ.”

ಭಾಗ್ಯಾಳ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಈ ಗುಟ್ಟು ಅವಳಿಗೂ ಗೊತ್ತಿರಲಿಲ್ಲ. “ಅತ್ತೀ! ದಿನಾ ನಾ ಭಂಡಾರ ಹಚ್ಕೊಳ್ಳೂದು ಅದರಾಗಿಂದ ಏನು?”

ಮುತ್ತವ್ವ ತಿರುಗಿದಳು. ಅವಳ ಅಂಗೈಯಲ್ಲಿ, ಬೀರದೇವರ ಭಂಡಾರದ ಅರಿಶಿನ ತುಂಬಿಕೊಂಡು, ಒಂದು ಪುಟ್ಟ ಬಟ್ಟಲು ಕುಳಿತಿತ್ತು.

ಭಂಡಾರವನ್ನು ವೀಳ್ಯದೆಲೆಗೆ ಸುರುವಿ, ಬಟ್ಟಲನ್ನು ಒರೆಸಿ, ಮುತ್ತವ್ವನೇ ಅದನ್ನು ನಜಮಾಳ ಕೈಗಿಟ್ಟಳು. ನಜಮಾ ಅಗಲ ಬಾಯಿಯ ಪಾತ್ರೆಯಲ್ಲಿ ನೀರು ಕೇಳಿದಳು. ಭಾಗ್ಯಾ ಬೋಗುಣಿ ತುಂಬಿಸಿ ತಂದು ಅಂಗಳದ ಕಟ್ಟೆಯ ಮೇಲಿಟ್ಟಳು.

ನಜಮಾ ಒಂದು ಕ್ಷಣ ಕಣ್ಣು ಮುಚ್ಚಿ ಅಲ್ಲಾನನ್ನು ನೆನೆದಳು. ಬಟ್ಟಲನ್ನು ನೀರೊಳಗೆ ತಳದವರೆಗೆ ಒತ್ತಿ ಹಿಡಿದು, ಒಳಗಿನ ಗಾಳಿಯೆಲ್ಲ ಗುಳುಗುಳು ಎಂದು ಹೊರಟ ಮೇಲೆ ಕೈ ಬಿಟ್ಟಳು.

ಬಟ್ಟಲು ಮೇಲೆ ಬಂತು.

ಇನ್ನೊಮ್ಮೆ ಒತ್ತಿದಳು. ಇನ್ನೊಮ್ಮೆ ಬಂತು.

“ಹೊಳಿಯಾಗೂ ಹಿಂಗ ಮಾಡ್ತು ನೋಡು,” ಎಂದಳು ಮುತ್ತವ್ವ, ತನ್ನ ಮಾತನ್ನು ದೇವರೇ ಎತ್ತಿಹಿಡಿದಷ್ಟು ಹೆಮ್ಮೆಯಿಂದ.

ನಜಮಾ ಬಟ್ಟಲನ್ನು ಬಿಸಿಲಿಗೆ ಹಿಡಿದಳು. ಅರಿಶಿನ ಒಳಗೆಲ್ಲ ಹತ್ತಿದ್ದರಿಂದಲೇ ನೋಡುವುದು ಸುಲಭವಾಯಿತು. ಡಾಕ್ಟರು ತೋರಿಸಿದ ಹೊಸ ಬಟ್ಟಲಿನ ಒಳಮೈಯಲ್ಲಿ, ಕಾರಖಾನೆಯಲ್ಲಿ ಕಡೆಯುವಾಗ ಉಳಿದ ಕೂದಲೆಳೆಯ ಗೆರೆಗಳು ಸುತ್ತ ಸುತ್ತ ಇದ್ದವು. ಇದರಲ್ಲೂ ಇದ್ದವು. ಅರಿಶಿನ ಕೂತು ಅವೆಲ್ಲ ಹಳದಿ ಬಳೆಗಳಾಗಿದ್ದವು. ಮುತ್ತವ್ವನ ಭಾರ ಹೊತ್ತು, ಸಂತೆ ಮನೆ ಓಡಾಡಿ, ಗುಂಡು ಉಜ್ಜಿದಷ್ಟು ಉಜ್ಜಿದರೂ ಒಳಮೈ ಸವೆದಿರಲಿಲ್ಲ.

ಕೆಟ್ಟಿದ್ದದ್ದು ಅಂಚು ಮಾತ್ರ. ಒಂದೇ ಕಡೆ ಜಜ್ಜಿ, ತಗ್ಗಾಗಿ, ಅಲ್ಲಿಂದ ಕೆಳಗೆ ಸೀಳು ಬಿಟ್ಟಿತ್ತು. ಒಂದು ಮೊಣಕಾಲು ಮಡಚಿ ಒಂದು ಎತ್ತಿ ಕೂತಾಗಲೆಲ್ಲ ಗುಂಡಿನ ಕುತ್ತಿಗೆ ಅದೇ ಜಾಗಕ್ಕೆ ಬಂದು ಬಡಿದಿದೆ. ರೊಟ್ಟಿಗೊಂದು ಏಟು. ಯಾವ ವಿಕಿರಣದ ಪ್ಲಾಸ್ಟಿಕ್ಕೂ ಮುಂಡರಗಿಯ ಜೋಳದ ರೊಟ್ಟಿಯ ಲೆಕ್ಕ ಹಿಡಿದು ತಯಾರಾದದ್ದಲ್ಲ.

“ಖರೇ ಐತ್ರಿ ಅಮ್ಮಾರ,” ಎಂದಳು ನಜಮಾ. “ಖರೇ ಬಟ್ಟಲಾನ ಹಾಕ್ಯಾರ ನಿಮಗ. ಡಾಕ್ಟರದ್ದು ತಪ್ಪಿಲ್ಲ.”

ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂದುಬಿಟ್ಟಿತು. ಅಮ್ಮೀ ಬಚಾವಾದಳು ಎಂಬುದೊಂದೇ ಮನಸ್ಸಿನಲ್ಲಿ ಸುತ್ತುತ್ತಿತ್ತು. ಮುತ್ತವ್ವ ಏನೂ ಕೇಳದೆ ತನ್ನ ಸೆರಗಿನಿಂದಲೇ ಅವಳ ಮುಖ ಒರೆಸಿದಳು. ಸೆರಗಿನ ಹಿಟ್ಟು ನಜಮಾಳ ಕೆನ್ನೆಗೆ ಹತ್ತಿತು.

“ಮೊದಲ ನಿಮ್ಮವ್ವಗ ಫೋನ್ ಹಚ್ಚು. ಆಕಿ ಅಲ್ಲಿ ಜೀಂವಾ ಕೈಯಾಗ ಹಿಡ್ಕೊಂಡು ಕುಂತಿರ್ತಾಳ.”

ನಜಮಾ ಫೋನಿನ ಸ್ಪೀಕರ್ ಹಾಕಿದಳು. ರೋಶನಬಿ ಮನೆಯಲ್ಲಿ ಮಾತಾಡುವುದು ಉರ್ದು, ಬೈಯುವುದು ಕನ್ನಡ. ಎತ್ತಿದವಳೇ ಕನ್ನಡದಲ್ಲಿ ಶುರು ಮಾಡಿದಳು.

“ಎಲ್ಲಿ ಹಾಳಾಗಿ ಹೋಗೀಯೇ? ಮುಂಜಾನಿಂದ ನಾಷ್ಟಾ ಮಾಡಿಲ್ಲ, ಏನಿಲ್ಲ…”

“ಅಮ್ಮೀ, ಬಟ್ಟಲಾ ತೇಲ್ತು. ಖರೇ ಐತಿ. ನೀ ಹೆದರಬ್ಯಾಡ.”

ಆ ಕಡೆ ಮೂಗೆಳೆಯುವ ಸದ್ದು. “ನಾ ಎಲ್ಲಿ ಹೆದರೀನಿ? ನೀನ ಹೆದರಿದಾಕಿ.”

ಮುತ್ತವ್ವ ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು. “ಯವ್ವಾ, ನಾ ಮುಂಡರಗಿ ಮುತ್ತವ್ವ. ನಿನ್ನ ಟೊಂಕ ಹೆಂಗೈತವ್ವಾ?”

“ಯಾ ಅಲ್ಲಾ, ಟೊಂಕದ ಮುತ್ತವ್ವ ನೀವೇನ್ರಿ? ನಿಮ್ಮ ಹೆಸರ ಕೇಳಿ ಕೇಳಿ ಸಾಕಾಗೇತಿ. ಛೊಲೋ ಐತ್ರಿ ಈಗ.”

“ಕೆಳಗ ಕುಂದರ್ತೀಯೇನು?”

“ಎಲ್ಲೀದು! ನಮಾಜ ಸುದ್ದಾ ಕುರ್ಚಿ ಮ್ಯಾಲೆ. ನನ್ನ ಮಗಳು ಪೊಲೀಸರಕ್ಕಿಂತ ಕಡಕ್ ಅದಾಳ.”

“ಒಳಗ ಲಟಕ್ ಪಿಟಕ್ ಏನಾರ ಅಂತೈತೇನು?”

“ಮೊದಲ ಭಾಳ ಅಂತಿತ್ತು. ನಡದ್ರ ಕಿರಕ್, ಎದ್ರ ಕಿರಕ್. ಆಮ್ಯಾಲೆ ಒಳಗ ಕೀಂವಾ ಆಗೇತಿ ಅಂತ ಡಾಕ್ಟರು ಮತ್ತೊಮ್ಮಿ ಕೊಯ್ದು ತೊಳದ್ರು. ಆವತ್ತಿನಿಂದ ಸದ್ದ ಇಲ್ಲ ನೋಡ್ರಿ. ಭಾರೀ ಕೈಗುಣ ಅವರದು.”

ಇಬ್ಬರು ಮುದುಕಿಯರು ಟೊಂಕದಿಂದ ಮೊಣಕಾಲಿಗೆ, ಮೊಣಕಾಲಿನಿಂದ ಸೊಸೆಯಂದಿರಿಗೆ ಇಳಿಯುವ ಹೊತ್ತಿಗೆ ನಜಮಾ ಫೋನು ಕಸಿದುಕೊಂಡಳು. ಭಾಗ್ಯಾ ತಾಟಿನಲ್ಲಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಹಾಕಿಕೊಂಡು ಬಂದಳು. ಬೆಳಿಗ್ಗೆಯಿಂದ ಏನೂ ತಿಂದಿರದ ನಜಮಾಗೆ ಆ ರೊಟ್ಟಿ ಎಷ್ಟು ರುಚಿಯಾಯಿತೆಂದರೆ, ಒಂದು ಸೊಂಟ ಮುರಿದದ್ದು ಸುಮ್ಮನೆ ಅಲ್ಲ ಎನಿಸಿಬಿಟ್ಟಿತು.

ಹೊರಗೆ ಟ್ರ್ಯಾಕ್ಟರಿನ ಸದ್ದು ಕೇಳಿತು. ಭಾಗ್ಯಾ ಓಡಿ ಹೋಗಿ ಹಳೆಯ ಒಲೆಗೆ ನೀರು ಚಿಮುಕಿಸಿದಳು.

ಬೀರಲಿಂಗ ಎತ್ತರದ ಆಳು, ಮೈಯೆಲ್ಲ ಕೆಮ್ಮಣ್ಣು. ಅಂಗಳದಲ್ಲಿ ಕೂತವಳು ಯಾರೆಂದು ಅವನಿಗೆ ಗೊತ್ತಿತ್ತು. ಎರಡು ಸಲ ಫೋನಿನಲ್ಲಿ ಅವಳಿಂದ ತಪ್ಪಿಸಿಕೊಂಡಿದ್ದ.

“ಊಟಾ ಆದ್ರ ಹೋಗ್ರಿ ಅಕ್ಕಾರ. ಹೇಳೂದೆಲ್ಲ ಸ್ಟೇಷನ್ನ್ಯಾಗ ಹೇಳೀನಿ.”

“ಏನ್ ಹೇಳೀರಿ?”

“ನಮ್ಮವ್ವನ ಬಟ್ಟಲಾ ಕೊಟ್ಟೀನಿ ಅಂತ.”

“ನಿಮ್ಮವ್ವನ ಬಟ್ಟಲಾ ಇಲ್ಲೈತಿ.”

ನಜಮಾ ಬೋಗುಣಿಯನ್ನು ಅವನ ಕಡೆ ಸರಿಸಿದಳು. ನೀರಿನಲ್ಲಿ ಹಳದಿ ಬಟ್ಟಲು ಮೆಲ್ಲಗೆ ತಿರುಗುತ್ತಿತ್ತು. ಬೀರಲಿಂಗ ಅದನ್ನು ನೋಡಿದ, ಅವ್ವನನ್ನು ನೋಡಿದ, ಮತ್ತೆ ಅದನ್ನು ನೋಡಿದ. ಕೈಯಲ್ಲಿದ್ದ ಟವೆಲು ಜಾರಿ ಬಿತ್ತು.

“ಇದು… ಹೊಳಿಗೆ…”

“ಹೊಳ್ಳಿ ನೋಡಬೇಕಾಗಿತ್ತು ನೀವು,” ಎಂದಳು ನಜಮಾ. “ಈಗ ಹೇಳ್ರಿ. ನೀವು ಪೊಲೀಸರಿಗೆ ಕೊಟ್ಟದ್ದು ಯಾರದು?”

“ನನಗ ಗೊತ್ತಿಲ್ರಿ.”

“ಎಲ್ಲಿಂದ ತಂದ್ರಿ?”

“ಗೊತ್ತಿಲ್ಲ ಅಂದೆಲ್ಲ!”

“ಲೇ ಬೀರ್ಯಾ!” ಮುತ್ತವ್ವ ವಾಕರನ್ನು ನೆಲಕ್ಕೆ ಕುಟ್ಟಿದಳು. “ಭಂಡಾರ ಹೊತ್ತ ಬಟ್ಟಲಾ ಐತಿ ಮುಂದ. ಇದರ ಮುಂದ ಸುಳ್ಳ ಹೇಳ್ತೀಯೇನಲೇ?”

ಬೀರಲಿಂಗ ಕಟ್ಟೆಯ ಮೇಲೆ ಕುಸಿದು ಕೂತ. ಅಷ್ಟು ದೊಡ್ಡ ಆಳು ಮುಖ ಮುಚ್ಚಿಕೊಂಡದ್ದನ್ನು ಕಂಡು ನಜಮಾಗೆ ಕನಿಕರವೆನಿಸಿತು.

“ಯಾರೋ ಹೆಸರಿಲ್ಲದ ದೂರು ಬರದಾರ ಅಂತ ಪೊಲೀಸರು ಬಂದ್ರಿ. ಬಟ್ಟಲಾ ಕೊಡ್ರಿ ಅಂದ್ರು. ಹೊಳಿಗೆ ಬಿಟ್ಟೀವಿ ಅಂದ್ರ ಸಾಕ್ಷಿ ನಾಶ ಮಾಡೀರಿ ಅಂತ ಒಳಗ ಹಾಕ್ತಾರೇನೋ ಅಂತ ಅಂಜಿಕಿ ಬಂತು. ಮನಿಯಾಗ ಹುಡುಕಿ ಕೊಡ್ತೀನ್ರಿ ಅಂತ ಹೇಳಿ, ಗದಗಿಗೆ ಓಡಿದೆ. ಹಿಂಗಿಂಗಾತು, ಏನ್ ಮಾಡ್ಲಿ ಅಂತ ಕೇಳಿದೆ. ಅವರು ಒಂದು ಬಾಟ್ಲಿ ಕೊಟ್ರು. ಇದನ್ನ ಕೊಡು, ಯಾರು ಕೊಟ್ರು ಅಂತ ಮಾತ್ರ ಬಾಯಿ ಬಿಡಬ್ಯಾಡ ಅಂದ್ರು. ಆಣಿ ಹಾಕಿಸ್ಕೊಂಡ್ರು.”

“ಅವರು ಅಂದ್ರ ಯಾರು?”

ಬೀರಲಿಂಗ ತಲೆ ಎತ್ತಲಿಲ್ಲ. “ನಮ್ಮವ್ವನ್ನ ಎರಡು ಸಲ ನಡಿಸಿದವರು. ಅವರ ಮಾತು ಮೀರಾಕ ನನಗ ಆಗಲಿಲ್ರಿ.”

ಡಾ. ಆಸೀಮ.

ತನ್ನ ಮೇಲೆಯೇ ಕೇಸು ಬೀಳುವಂಥ ಬಟ್ಟಲನ್ನು ತಾನೇ ಕೊಟ್ಟು ಕಳಿಸಿದ ಡಾಕ್ಟರು, ಆಮೇಲೆ ತನ್ನನ್ನು ಬಿಡಿಸಲು ಪತ್ತೇದಾರಳನ್ನು ಹಿಡಿದಿದ್ದರು. ಅಂಗಳದ ಬೇವಿನ ಮರದ ಕೆಳಗೆ ಹೋಗಿ ನಜಮಾ ಫೋನು ಹಚ್ಚಿದಳು. ಮೊದಲ ರಿಂಗಿಗೇ ಡಾಕ್ಟರು ಎತ್ತಿದರು.

“ತೇಲಿತೇನ್ರಿ?”

ಅದೇ ಅವರ ಮೊದಲ ಮಾತು. ನಜಮಾ ತೇಲಿತು ಎಂದಾಗ ಉದ್ದನೆಯ ಉಸಿರು ಬಿಟ್ಟರು.

“ಮುತ್ತವ್ವಗ ಹಾಕಿದ್ದು ಖರೇದ್ದ ಅಂತ ನನಗ ಗೊತ್ತಿತ್ತು. ಆದ್ರ ಬಾಯಿಲೆ ಹೇಳಿದ್ರ ಯಾರು ನಂಬ್ತಾರ? ಹೊಳಿಗೆ ಬಿಟ್ಟದ್ದು ತೇಲಿ ಎಲ್ಲರೆ ದಂಡಿಗೆ ಹತ್ತಿರ್ತೈತಿ, ನೀವು ಹುಡುಕ್ತೀರಿ ಅಂತ ನಂಬಿದ್ದೆ.”

“ಮುಳುಗಿದ್ದನ್ನ ಬೀರಲಿಂಗನ ಕೈಯಾಗ ಕೊಟ್ಟವರು ನೀವು.”

“ಹೌದ್ರಿ.” ಅವರು ನಿರಾಕರಿಸಲಿಲ್ಲ. “ಅದು ಸೀಲ್ ಮಾಡಿದ ಡಬ್ಬಿಯಾಗ, ಖರೇದರಂಗ ನನ್ನ ಕೈಗೆ ಬಂದಿತ್ತು. ನಾನೂ ಮೋಸ ಹೋದೆ. ಗೊತ್ತಾದ ದಿನಾನ ಹೇಳಬೇಕಾಗಿತ್ತು, ಧೈರ್ಯ ಆಗಲಿಲ್ಲ. ನಾ ಬಾಯಿ ಬಿಡದ ಅದು ಪ್ರಯೋಗಾಲಯಕ್ಕ ಮುಟ್ಟಿದ್ರ, ಮಾರಿದವನನ್ನ ಹಿಡೀತಾರ ಅಂತ ಮಾಡಿದ್ದೆ. ಅವರು ನನ್ನ ಹಿಡದ್ರು.”

“ಹಂಗಾರ ಅದು ಒಬ್ಬರ ಮೈಯಾಗ ಇತ್ತು?”

“ಇತ್ತು. ತಗದು ಖರೇದ್ದು ಹಾಕೀನಿ. ಅವರು ಈಗ ಆರಾಮ ಅದಾರ, ದೇವರಾಣಿ.”

“ಯಾರ್ರಿ ಅವರು?”

ಫೋನಿನಲ್ಲಿ ಆಸ್ಪತ್ರೆಯ ಗಲಾಟೆ ಮಾತ್ರ ಕೇಳುತ್ತಿತ್ತು. ಡಾಕ್ಟರು ಬಾಗಿಲು ಹಾಕಿಕೊಂಡಿರಬೇಕು, ಅದೂ ನಿಂತಿತು.

“ಡಾಕ್ಟರ, ಯಾರು?”

“ಅವರಿಗೆ ಒಳಗ ಕೀಂವಾ ಆಗಿರಲಿಲ್ಲ ನಜಮಾ ಅವರ,” ಎಂದರು ಡಾ. ಆಸೀಮ. “ಆವತ್ತು ಆಪರೇಷನ್ ಥಿಯೇಟರಿನ ಹೊರಗ ಬೆಂಚಿನ ಮ್ಯಾಲೆ ಕುಂತಿದ್ದಾಕಿ ನೀವ.”